ಎಳೆ ಎಣಿಸುವ ಕೈಗೆ ತಾಸಿನ ಲೆಕ್ಕವೂ ಇರಲಿ

(ಕಾರ್ಮಿಕ ಕುಟುಂಬಗಳ ಸಂಜೆ ಸಭೆಯಲ್ಲಿ ನಮ್ಮ ಓಣಿಯ ಸೂಜಿ ಕೂಟದ ಪರವಾಗಿ ಮಾಡಿದ ಭಾಷಣ)



ಈ ಕಟ್ಟೆಯ ಮೇಲೆ ನಿಂತು ಮಾತಾಡುವವರು ಸಾಮಾನ್ಯವಾಗಿ ಪಗಾರ, ಬೋನಸ್ಸು, ಪಾಳಿ, ರೇಶನ್ನುಗಳ ಮಾತನ್ನು ಎತ್ತುತ್ತಾರೆ. ಅವೆಲ್ಲ ಎತ್ತಬೇಕಾದ ಮಾತುಗಳೇ. ಇಂದು ನಾವು ಸೂಜಿ, ದಾರ ಹಿಡಿದುಕೊಂಡು ನಿಂತಿರುವುದನ್ನು ಕಂಡು ಹಿಂದಿನ ಸಾಲಿನ ಕೆಲವು ಅಣ್ಣಂದಿರು ಮುಗುಳುನಗುತ್ತಿದ್ದಾರೆ. ನಗಲಿ. ಹೊಟ್ಟೆ ತುಂಬಿದವರ ಹವ್ಯಾಸವನ್ನು ದುಡಿಯುವವರ ಸಭೆಗೆ ಏಕೆ ತಂದಿರಿ ಎಂದು ಅವರು ಕೇಳಿದರೆ ನಮ್ಮಲ್ಲಿ ಉತ್ತರವಿದೆ. ಮನೆಯಲ್ಲಿ ಕುಳಿತು ಕಸೂತಿ ಹಾಕುವ, ಕೌದಿ ಹೊಲೆಯುವ ಸುಖವು ಬಡವರ ಮನೆಯ ಅಜ್ಜಿಯರು ನಮಗೆ ಬಿಟ್ಟುಹೋದ ಆಸ್ತಿ. ಆ ಆಸ್ತಿಯನ್ನು ನಾವು ಅನುಭವಿಸಬೇಕು, ಕಾಯ್ದುಕೊಳ್ಳಬೇಕು, ಅಗ್ಗದ ಬೆಲೆಗೆ ಬಿಟ್ಟುಕೊಡಬಾರದು. ನಾವು ಹೇಳಬಂದದ್ದು ಇಷ್ಟೇ.

ನಮ್ಮ ಕೂಟ ಹೇಗೆ ಹುಟ್ಟಿತೆಂಬುದನ್ನು ಮೊದಲು ಹೇಳುತ್ತೇವೆ. ನಾಲ್ಕು ವರ್ಷದ ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ. ಪಾತ್ರೆ ಮಾರುವವಳು ಓಣಿಗೆ ಬಂದಿದ್ದಳು. ಹಳೆಯ ಬಟ್ಟೆ ಕೊಟ್ಟರೆ ಸ್ಟೀಲಿನ ಡಬ್ಬಿ ಕೊಡುತ್ತಾಳೆ, ನಿಮಗೆ ಗೊತ್ತಿದ್ದದ್ದೇ. ನಮ್ಮೊಬ್ಬಳು ಟ್ರಂಕಿನ ತಳದಿಂದ ತನ್ನ ಅತ್ತೆಯ ಕಾಲದ ಒಂದು ಚಂದ್ರಕಾಳಿ ಸೀರೆಯನ್ನು ತೆಗೆದು ತಂದಳು. ಕಪ್ಪು ಇಳಕಲ್ಲ ಸೀರೆ, ಮಡಿಕೆ ಮಡಿಕೆಗೂ ಹರಿದಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ಅದನ್ನು ಕೈಯಲ್ಲಿ ತೆಗೆದುಕೊಂಡು ಸೆರಗಿನ ಹತ್ತಿರದ ಕಸೂತಿಯನ್ನು ನಮಗೆ ತೋರಿಸಿದರು. ಗೋಪುರ, ತೇರು, ಆನೆ, ತುಳಸೀಕಟ್ಟೆ. ಬಟ್ಟೆಯನ್ನು ಎರಡು ಸಲ ಹೊರಳಿಸಿ, “ಇದರಾಗ ಮುಂದಿನ ಮಗ್ಗಲ ಯಾವುದು, ಹಿಂದಿನ ಮಗ್ಗಲ ಯಾವುದು, ಹೇಳ್ರವಾ ನೋಡೋಣು” ಎಂದರು. ನಾವು ಆರು ಜನ ಇದ್ದೆವು. ಒಬ್ಬರಿಗೂ ಹೇಳಲಾಗಲಿಲ್ಲ. ಎರಡೂ ಮಗ್ಗಲು ಒಂದೇ ತೆರನಾಗಿದ್ದವು. ಎಲ್ಲಿಯೂ ಒಂದು ಗಂಟಿಲ್ಲ, ನೇತಾಡುವ ಒಂದು ದಾರವಿಲ್ಲ. ಪಾತ್ರೆಯವಳು ಅಂದು ಬರಿಗೈಯಿಂದ ಮುಂದಿನ ಓಣಿಗೆ ಹೋದಳು. ಅಂದಿನಿಂದ ಮಧ್ಯಾಹ್ನ ಎರಡಕ್ಕೆ ಮುಸುರಿ ತಿಕ್ಕಿದ ಮೇಲೆ, ನಾಲ್ಕಕ್ಕೆ ನಳದ ನೀರು ಬರುವತನಕ ನಾವು ಆ ಅಜ್ಜಿಯ ಹತ್ತಿರ ಕುಳಿತು ಕಲಿಯತೊಡಗಿದೆವು.

ಕಲಿತದ್ದೇನೆಂದರೆ, ಕಸೂತಿಗೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಪೆನ್ಸಿಲ್ಲಿಲ್ಲ, ಅಚ್ಚಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಹೊಲಿಗೆ ಹಾಕಬೇಕು. ಹೊಲಿಗೆಗಳು ನಾಲ್ಕು. ಮೊದಲನೆಯದು ಗಾವಂತಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗುವುದು, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬರುವುದು. ಆದುದರಿಂದಲೇ ಎರಡೂ ಮಗ್ಗಲು ಒಂದೇ ರೀತಿ ಕಾಣುವವು. ಎರಡನೆಯದು ಮುರ್ಗಿ. ಅದೂ ಹೋಗಿ ಮರಳುವ ಹೊಲಿಗೆಯೇ. ಆದರೆ ಮೆಟ್ಟಿಲು ಏರಿದಂತೆ ಅಂಕುಡೊಂಕಾಗಿ ನಡೆಯುತ್ತದೆ. ಮೂರನೆಯದು ನೇಯ್ಗಿ. ನೋಡಿದವರಿಗೆ ಮಗ್ಗದಲ್ಲಿಯೇ ನೇಯ್ದು ಬಂದಿತೇನೋ ಎನಿಸುತ್ತದೆ. ನಾಲ್ಕನೆಯದು ಮೆಂತೆ. ಮೆಂತೆಯ ಕಾಳು ಚೆಲ್ಲಿದಂತೆ ಒಂದರ ಮೇಲೊಂದು ಅಡ್ಡ ಬರುವ ಹೊಲಿಗೆ. ಜಾಗ ತುಂಬುವುದಕ್ಕೆ ಒಳ್ಳೆಯದು, ದಾರ ಮಾತ್ರ ಹೆಚ್ಚು ಬೇಕು.

ಇದರಲ್ಲಿ ಬುದ್ಧಿಯ ಕೆಲಸ ಎಷ್ಟಿದೆಯೆಂಬುದನ್ನು ಅಣ್ಣಂದಿರು ಯೋಚಿಸಬೇಕು. ಗಾವಂತಿಯಲ್ಲಿ ಗೋಪುರ ಹಾಕುವವಳು ಸೂಜಿ ಚುಚ್ಚುವ ಮೊದಲೇ ಹೋಗುವ ದಾರಿಯನ್ನೂ ಮರಳುವ ದಾರಿಯನ್ನೂ ತಲೆಯಲ್ಲಿ ಇಟ್ಟುಕೊಂಡಿರಬೇಕು. ನಡುವೆ ಒಂದು ಎಳೆ ತಪ್ಪಿ ಎಣಿಸಿದರೆ ಹತ್ತು ಸಾಲು ಮುಂದೆ ಹೋದ ಮೇಲೆ ಕಳಸ ಓರೆಯಾಗುತ್ತದೆ. ಅಷ್ಟನ್ನೂ ಬಿಚ್ಚಬೇಕು. ಕಾಗದದ ಮೇಲೆ ನಕಾಶೆ ಇಲ್ಲದೆ ಇದನ್ನು ಮಾಡಿದವರಲ್ಲಿ ಅಕ್ಷರ ಬಾರದ ಹೆಣ್ಣುಮಕ್ಕಳೂ ಇದ್ದರು. ಮಗಳ ಮದುವೆಯ ಸೀರೆಗೆ, ಖಣದ ಕುಪ್ಪಸಕ್ಕೆ, ಕೂಸಿನ ಕುಲಾಯಿ ಕುಂಚಿಗೆಗಳಿಗೆ ಅವರು ಕಸೂತಿ ಹಾಕಿದರು. ತಾವು ದಿನಾಲು ನೋಡಿದ್ದನ್ನೇ ಹಾಕಿದರು: ನವಿಲು, ಗಿಳಿ, ತೊಟ್ಟಿಲು, ಪಲ್ಲಕ್ಕಿ, ನಂದಿ. ಧಾರವಾಡ ಸೀಮೆಯ ಹೆಸರು ಹೊರಗಿನವರಿಗೆ ಗೊತ್ತಾದದ್ದರಲ್ಲಿ ಈ ಕೈಗಳ ಪಾಲೂ ಇದೆ. ೨೦೦೬ರ ಹೊತ್ತಿಗೆ ಕಸೂತಿಗೆ ಜಿ.ಐ. ಎಂಬ ಭೌಗೋಳಿಕ ಗುರುತು ದೊರೆತಿದೆ. ಅರ್ಥಾತ್ ಇದು ಈ ಸೀಮೆಯ ಕೆಲಸವೆಂದು ಸರಕಾರದ ದಫ್ತರದಲ್ಲಿ ದಾಖಲಾಗಿದೆ.

ಇನ್ನು ಸುಖದ ಮಾತು. ಗಿರಣಿಯಲ್ಲಿ ನೂಲುವ ಖಾತೆಯವರು ಇಲ್ಲಿ ಕುಳಿತಿದ್ದೀರಿ. ಪಾಳಿಯುದ್ದಕ್ಕೂ ನೀವು ಮಾಡುವುದೂ ಎಳೆಯ ಕೆಲಸವೇ. ಕಡಿದ ಎಳೆಯನ್ನು ಹಿಡಿಯುವುದು, ಹಚ್ಚುವುದು, ಮುಂದಿನದಕ್ಕೆ ಓಡುವುದು. ಆ ಓಟದ ವೇಗವನ್ನು ಗೊತ್ತು ಮಾಡುವುದು ಯಂತ್ರ. ನೀವು ಹಚ್ಚಿದ ನೂಲು ಯಾವ ಬಟ್ಟೆಯಾಯಿತು, ಯಾರ ಮೈಮೇಲೆ ಬಂದಿತು, ನಿಮಗೆ ತಿಳಿಯುವುದಿಲ್ಲ. ಮನೆಯಲ್ಲಿ ಸೂಜಿ ಹಿಡಿದವಳ ಮಾತು ಬೇರೆ. ವೇಗ ಅವಳದು. ಯಾವ ಬಣ್ಣದ ಪಕ್ಕಕ್ಕೆ ಯಾವ ಬಣ್ಣ ಬರಬೇಕೆಂಬ ತೀರ್ಮಾನ ಅವಳದು. ಮೊದಲ ಹೊಲಿಗೆಯೂ ಅವಳದು, ಕೊನೆಯ ಹೊಲಿಗೆಯೂ ಅವಳದು. ಮುಗಿದ ಮೇಲೆ ಅದು ಅವಳ ಕೂಸಿನ ತಲೆಯ ಮೇಲೆ ಕೂಡುತ್ತದೆ. ಮನೆಯ ಉಳಿದ ಕೆಲಸವನ್ನೇ ನೋಡಿರಿ: ಅಡಿಗೆ ಮಾಡಿದರೆ ಉಂಡು ಹೋಗುತ್ತದೆ, ಒಗೆದ ಬಟ್ಟೆ ಮತ್ತೆ ಕೊಳೆಯಾಗುತ್ತದೆ, ಬಳಿದ ನೆಲಕ್ಕೆ ಮತ್ತೆ ಕಸ ಬೀಳುತ್ತದೆ. ದಿನವೆಲ್ಲ ದುಡಿದರೂ ಸಂಜೆಗೆ ತೋರಿಸಲು ಏನೂ ಉಳಿಯುವುದಿಲ್ಲ. ಸೂಜಿಯ ಕೆಲಸವೊಂದು ಮಾತ್ರ ನಿನ್ನೆ ಬಿಟ್ಟಲ್ಲಿಯೇ ಇಂದು ನಮ್ಮನ್ನು ಕಾಯುತ್ತಿರುತ್ತದೆ. ಒಂದು ಅಂಗುಲವಾದರೂ ಮುಂದೆ ಹೋಗಿರುತ್ತದೆ. ಈ ಸಮಾಧಾನದ ಬೆಲೆ ನಾವು ಬಲ್ಲೆವು.

ಈ ಮಾತನ್ನು ಮೊದಲು ಆಡಿದವರು ನಾವಲ್ಲ. ಇಂಗ್ಲೆಂಡಿನ ವಿಲಿಯಂ ಮಾರಿಸನು (೧೮೩೪–೧೮೯೬) ಕವಿ, ವಸ್ತ್ರಗಳ ನಮೂನೆ ಬರೆಯುವವನು, ಸ್ವತಃ ಕಾರಖಾನೆ ನಡೆಸಿದವನು. ಹಳೆಯ ಕಸೂತಿಯನ್ನು ಬಿಚ್ಚಿ ನೋಡಿ, ಗಂಡಸಾದರೂ ತಾನೇ ಸೂಜಿ ಹಿಡಿದು ಹೊಲಿಗೆ ಕಲಿತ. ೧೮೮೩ರಲ್ಲಿ ಸಮಾಜವಾದಿಗಳ ಗುಂಪನ್ನು ಸೇರಿ, ದುಡಿಯುವವನಿಗೆ ದುಡಿತದಲ್ಲಿ ಸಂತೋಷವೂ ಸಿಕ್ಕಬೇಕೆಂದು ಊರೂರಿನ ಕಾರ್ಮಿಕರ ಸಭೆಗಳಲ್ಲಿ ಭಾಷಣ ಮಾಡುತ್ತ ತಿರುಗಿದ. ಅವನ ಮಗಳು ಮೇ ಮಾರಿಸ್ ೧೮೮೫ರಲ್ಲಿ ತಂದೆಯ ಸಂಸ್ಥೆಯ ಕಸೂತಿ ವಿಭಾಗದ ಹೊಣೆಯನ್ನು ಹೊತ್ತಳು. ಅಂದಿನ ಕಲಾಕಾರರ ಸಂಘವು ಹೆಂಗಸರನ್ನು ಸೇರಿಸಿಕೊಳ್ಳದ್ದರಿಂದ ೧೯೦೭ರಲ್ಲಿ ಹೆಂಗಸರದೇ ಒಂದು ಸಂಘವನ್ನು ಕಟ್ಟಿದಳು. ನಮ್ಮ ನಾಡಿನಲ್ಲಿಯೇ ನೋಡಿದರೆ, ೧೯೦೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು, ಕಾಂಗ್ರೆಸ್ ಸಮಾಜವಾದಿ ಪಕ್ಷದ ಮುಂದಾಳುಗಳಲ್ಲಿ ಒಬ್ಬರು. ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಏರ್ಪಟ್ಟಾಗ ಅದರ ಅಧ್ಯಕ್ಷತೆಯನ್ನು ವಹಿಸಿದರು. ೧೯೮೮ರಲ್ಲಿ ತೀರಿಕೊಳ್ಳುವವರೆಗೂ ಕೈಕೆಲಸದವರ ಪರವಾಗಿ ದುಡಿದರು. ಸ್ವಾತಂತ್ರ್ಯದ ಹೋರಾಟ ಮಾಡಿದ ಆ ತಾಯಿಗೆ ಸೂಜಿಯ ಕೆಲಸ ಸಣ್ಣದಾಗಿ ಕಾಣಲಿಲ್ಲ. ನಮಗೂ ಕಾಣಬೇಕಾಗಿಲ್ಲ.

ಹೊಸದಾಗಿ ಹಿಡಿಯುವ ಅಕ್ಕತಂಗಿಯರಿಗೆ ಕೆಲವು ಸೂಚನೆಗಳು. ಮೊದಲಿಗೇ ಸೀರೆಗೆ ಕೈ ಹಾಕಬೇಡಿರಿ. ಎಳೆ ಬಿಡಿಬಿಡಿಯಾಗಿ ಕಾಣುವ ಬಟ್ಟೆ ಬೇಕು. ಮ್ಯಾಟಿ ಬಟ್ಟೆಯ ಒಂದು ಗೇಣು ತುಂಡು ಸಾಕು, ದಪ್ಪ ಖಾದಿಯೂ ನಡೆಯುತ್ತದೆ. ಬಟ್ಟೆ ನಯವಾಗಿದ್ದು ಎಳೆ ಕಾಣದಿದ್ದರೆ ಮೇಲೆ ಜಾಳಿಗೆಯ ಬಟ್ಟೆಯನ್ನು ಟಾಚಿ, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಆಮೇಲೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ. ಎರಡೇ ಎಳೆ ಬಿಡಿಸಿಕೊಳ್ಳಿರಿ. ದಾರ ಒಂದು ಮೊಳಕ್ಕಿಂತ ಬಹಳ ಉದ್ದವಾಗಬಾರದು, ಸಿಕ್ಕುಗಟ್ಟುತ್ತದೆ. ಕೆಂಪು ದಾರವನ್ನು ಮೊದಲು ನೀರಿನಲ್ಲಿ ನೆನೆಸಿ ಬಣ್ಣ ಬಿಡುತ್ತದೆಯೋ ಎಂದು ನೋಡಿಕೊಳ್ಳಿರಿ. ಗಂಟು ಹಾಕದೆ ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲಿಯೇ ಅಡಗಿಸುವುದನ್ನು ಮೊದಲ ದಿನವೇ ರೂಢಿ ಮಾಡಿಕೊಳ್ಳಿರಿ. ಒಂದು ನೇರ ಗೆರೆ, ಆಮೇಲೆ ಒಂದು ಚೌಕ, ಆಮೇಲೆ ತುಳಸೀಕಟ್ಟೆ, ಆಮೇಲೆ ಗೋಪುರ. ಇದು ನಮ್ಮ ಅಜ್ಜಿ ಹಾಕಿಕೊಟ್ಟ ಕ್ರಮ. ಕಪ್ಪು ಬಟ್ಟೆಯ ಮೇಲೆ ಹಗಲು ಬೆಳಕಿನಲ್ಲಿಯೇ ಕೆಲಸ ಮಾಡಬೇಕು. ಕಣ್ಣು ಮತ್ತೊಂದು ಸಿಕ್ಕುವುದಿಲ್ಲ.

ಎಳೆ ಎಣಿಸುವುದು ಒಗ್ಗದವರಿಗೆ ಕೌದಿ ಇದೆ. ಹಳೆಯ ನೂಲಿನ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಒಗೆದು ಒಣಗಿಸಿದ ಸೀರೆಗಳನ್ನು ನೆಲದ ಮೇಲೆ ಪದರ ಪದರವಾಗಿ ಸುಕ್ಕಿಲ್ಲದಂತೆ ಹಾಸಿ, ಮೂಲೆಗಳಿಗೆ ಭಾರವಿಟ್ಟು, ಮೊದಲು ದೂರ ದೂರ ಟಾಚಿ ಹಾಕಿ, ಬೆರಳಗಲಕ್ಕೆ ಒಂದು ಸಾಲಿನಂತೆ ಹೊಲಿಯುತ್ತ ಹೋಗುವುದು. ಪಾಲಿಯೆಸ್ಟರ್ ಸೀರೆ ಒಳಗೆ ಬೇಡ. ಪದರ ಜಾರುತ್ತದೆ, ಬೆವರು ಹೀರುವುದಿಲ್ಲ. ನಾಲ್ಕು ಜನ ನಾಲ್ಕು ಮಗ್ಗಲಿಗೆ ಕುಳಿತರೆ ಕೌದಿಯೂ ಆಗುತ್ತದೆ, ಮನಸ್ಸಿನ ಭಾರವೂ ಇಳಿಯುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತ ಸುತ್ತ ಹೊಲಿಯುತ್ತ ನಡುವಿಗೆ ಬಂದು ಮುಗಿಸುತ್ತಾರೆ; ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಹೂವನ್ನು ಕೂಡಿಸದೆ ಅವರ ಕೌದಿ ಪೂರ್ತಿಯಾಗುವುದಿಲ್ಲ. ಚಳಿಗೆ ಹೊದೆಯುವ ಹಳೆಯ ಬಟ್ಟೆಗೂ ಹೂವು ಬೇಕೆಂದು ಅವರಿಗೆ ಅನಿಸಿದೆ. ಬಡತನದಲ್ಲಿ ಚೆಲುವಿನ ಆಸೆ ಸಾಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಲೇಬೇಕು. ಎರಡು ವರ್ಷದ ಹಿಂದೆ ಒಬ್ಬ ವ್ಯಾಪಾರಿ ನಮ್ಮ ಕೆಲಸ ನೋಡಿ ಇಪ್ಪತ್ತನಾಲ್ಕು ತಲೆದಿಂಬಿನ ಗವಸಣಿಗೆಗಳಿಗೆ ಕಸೂತಿ ಹಾಕಿಕೊಡಿರೆಂದ. ಒಂದಕ್ಕೆ ೧೫೦ ರೂಪಾಯಿ, ಬಟ್ಟೆ ಅವನದು, ದಾರ ನಮ್ಮದು, ಹದಿನೈದು ದಿನದ ವಾಯಿದೆ. “ಹೇಗೂ ಮನೆಯಲ್ಲಿ ಖಾಲಿ ಕುಳಿತಿರುತ್ತೀರಿ” ಎಂದ. ಆ ಮಾತು ನಮಗೆ ಅಂದು ಚುಚ್ಚಲಿಲ್ಲ. ೩,೬೦೦ ರೂಪಾಯಿ ಎಂದು ಕಣ್ಣರಳಿಸಿ ಒಪ್ಪಿಕೊಂಡೆವು. ಆರು ಜನ, ತಲೆಗೆ ನಾಲ್ಕು.

ಆ ಹದಿನೈದು ದಿನ ಹೇಗೆ ಕಳೆದವೆಂಬುದನ್ನು ನಮ್ಮ ಮಕ್ಕಳನ್ನು ಕೇಳಬೇಕು. ಮಧ್ಯಾಹ್ನದ ಎರಡು ತಾಸು ಸಾಲದೆ ರಾತ್ರಿ ದೀಪದ ಕೆಳಗೆ ಕುಳಿತೆವು. ಒಂದೇ ಗೋಪುರ, ಒಂದೇ ಬಣ್ಣ, ಒಂದೇ ಅಳತೆ. ಕಟ್ಟೆಯ ಮೇಲೆ ನಗೆ ನಿಂತಿತು. ನೀರು ಕೇಳಿದ ಕೂಸಿಗೆ ಗದರಿದೆವು. ಒಬ್ಬಳಿಗೆ ಕಣ್ಣಲ್ಲಿ ನೀರು ಸುರಿಯತೊಡಗಿತು. ಮಾಲು ಒಪ್ಪಿಸಿದ ದಿನ ಅಜ್ಜಿ ಕೇಳಿದರು: “ಒಂದಕ್ಕ ಎಷ್ಟು ತಾಸು ಹಿಡೀತು?” ನಾವು ಒಬ್ಬರ ಮೋರೆ ಒಬ್ಬರು ನೋಡಿದೆವು. ಅಜ್ಜಿ ಅಂದರು: “ಎಳೀ ಎಣಸಾಕ ಬರತೈತಿ, ತಾಸ ಎಣಸಾಕ ಬರೂದಿಲ್ಲೇನವಾ ನಿಮಗ?”

ಆಮೇಲೆ ಕುಳಿತು ಲೆಕ್ಕ ಹಾಕಿದೆವು. ಒಂದು ಗವಸಣಿಗೆಗೆ ಹದಿನಾಲ್ಕು ತಾಸು. ದಾರದ ಖರ್ಚು ೨೦ ರೂಪಾಯಿ ಕಳೆದರೆ ಉಳಿದದ್ದು ೧೩೦. ತಾಸಿಗೆ ಒಂಬತ್ತು ರೂಪಾಯಿ ಚಿಲ್ಲರೆ. ಮುಂದೆ ಒಂದು ದಿನ ನಮ್ಮದೇ ಕೆಲಸದ ಗವಸಣಿಗೆಯನ್ನು ದೊಡ್ಡ ಅಂಗಡಿಯೊಂದರ ಗಾಜಿನ ಹಿಂದೆ ಕಂಡೆವು. ಚೀಟಿಯಲ್ಲಿ ೬೫೦ ಎಂದಿತ್ತು. ನಮ್ಮ ಗಂಡಂದಿರು ಗಿರಣಿಯಲ್ಲಿ ಅರ್ಧ ತಾಸಿನ ಹೆಚ್ಚಿನ ದುಡಿತಕ್ಕೆ ಕೂಲಿ ಕೊಡಲಿಲ್ಲವೆಂದು ಗೇಟಿನ ಮುಂದೆ ನಿಂತದ್ದುಂಟು. ಅವರಿಗೆ ಊಟ ಕಟ್ಟಿಕೊಟ್ಟು ಕಳಿಸಿದವರು ನಾವೇ. ಆದರೆ ನಮ್ಮ ಮುನ್ನೂರ ಮೂವತ್ತಾರು ತಾಸುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ವ್ಯಾಪಾರಿಯೊಬ್ಬನನ್ನೇ ಬೈದು ಏನು ಫಲ? ನಾವೂ ಹಿಡಿಯಲಿಲ್ಲ, ಮನೆಯವರೂ ಹಿಡಿಯಲಿಲ್ಲ. ಹೆಂಗಸರು ಕುಳಿತು ಮಾಡುವುದೆಲ್ಲ ವಿರಾಮವೆಂದು ಎಲ್ಲರೂ ನಂಬಿಬಿಟ್ಟಿದ್ದೇವೆ.

ಅಂದಿನಿಂದ ನಾವು ಎರಡು ಬುಟ್ಟಿ ಮಾಡಿಕೊಂಡಿದ್ದೇವೆ. ಒಂದು ಮನೆಯ ಬುಟ್ಟಿ. ಅದರಲ್ಲಿರುವುದು ನಮ್ಮ ಸಂತೋಷದ ಕೆಲಸ: ಮೊಮ್ಮಗುವಿನ ಕುಲಾಯಿ, ತವರಿಗೆ ಕಳಿಸುವ ಕುಪ್ಪಸ. ಅದಕ್ಕೆ ವಾಯಿದೆ ಇಲ್ಲ, ಬೆಲೆ ಇಲ್ಲ, ಯಾರೂ ಅವಸರ ಮಾಡಕೂಡದು. ಇನ್ನೊಂದು ಮಾರುವ ಬುಟ್ಟಿ. ಅದರ ಜೊತೆಗೆ ಒಂದು ವಹಿ ಇದೆ. ಸೂಜಿ ಹಿಡಿದ ಹೊತ್ತು, ಇಟ್ಟ ಹೊತ್ತು ಬರೆಯುತ್ತೇವೆ. ತಾಸಿಗೆ ೫೦ ರೂಪಾಯಿಗೆ ಕಡಿಮೆ ಹಿಡಿಯುವುದಿಲ್ಲ, ರಾತ್ರಿ ದೀಪದಲ್ಲಿ ಕಪ್ಪು ಬಟ್ಟೆ ಮುಟ್ಟುವುದಿಲ್ಲ. ಈ ದರ ಹೇಳಿದಾಗ ಹಳೆಯ ವ್ಯಾಪಾರಿ ನಕ್ಕು ಎದ್ದುಹೋದ. ಪೇಟೆಯ ಸಣ್ಣ ಬಟ್ಟೆ ಅಂಗಡಿಯ ಅಣ್ಣನೊಬ್ಬರು ಮಾತ್ರ ನಿಂತು ಕೇಳಿದರು. ಮೂರು ತಾಸಿನಲ್ಲಿ ಮುಗಿಯುವ ಸಣ್ಣ ಕಸೂತಿಯ ಕೈಚೀಲ: ಕೂಲಿ ೧೫೦, ಬಟ್ಟೆ, ದಾರ, ಹೊಲಿಗೆ ೬೦, ಅವರು ೨೬೦ಕ್ಕೆ ಮಾರಿದರು. ಪ್ರತಿ ಚೀಲಕ್ಕೂ “ಕೈಕೆಲಸ, ಮೂರು ತಾಸು” ಎಂಬ ಚೀಟಿ ಕಟ್ಟಿದರು. ದೀಪಾವಳಿಗೆ ಎಂಟು ಇಟ್ಟೆವು. ಐದು ಹೋದವು, ಮೂರು ಮರಳಿ ಬಂದವು. ಬಹಳ ದೊಡ್ಡ ಗೆಲುವೆಂದು ನಾವು ಜಂಬ ಕೊಚ್ಚುವುದಿಲ್ಲ. ಆದರೆ ಆ ಐದು ಚೀಲಗಳ ದುಡ್ಡಿನಲ್ಲಿ ಯಾರ ಕಣ್ಣೀರೂ ಇರಲಿಲ್ಲ.

ಸಭೆಯಲ್ಲಿರುವ ಅಂಗಡಿಕಾರ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಯಂತ್ರದ ಕಸೂತಿಯನ್ನು ಮಾರಬೇಡಿರೆಂದು ನಾವು ಹೇಳುವುದಿಲ್ಲ. ಕೊಳ್ಳುವವರ ಕಿಸೆಯೂ ಸಣ್ಣದೆಂಬುದು ನಮಗೆ ಗೊತ್ತು. ಯಂತ್ರದ್ದನ್ನು ಯಂತ್ರದ್ದೆಂದೇ ಹೇಳಿ ಮಾರಿರಿ. ಅದನ್ನು ಕೈಕೆಲಸವೆಂದು ಹೇಳಿ ಮಾರಿದ ದಿನ ನಮ್ಮ ತಾಸಿನ ಬೆಲೆ ಬಿದ್ದುಹೋಗುತ್ತದೆ. ಗುರುತಿಸುವುದು ಕಷ್ಟವಲ್ಲ. ಬಟ್ಟೆಯನ್ನು ಹೊರಳಿಸಿರಿ. ಗಾವಂತಿ, ಮುರ್ಗಿಯ ಕೈಕೆಲಸವಾದರೆ ಎರಡೂ ಮಗ್ಗಲು ಒಂದೇ. ಯಂತ್ರದ್ದಾದರೆ ಹಿಂದೆ ಬೇರೆ ದಾರದ ಸಾಲು, ಅಂಟಿಸಿದ ಕಾಗದದಂಥ ಬಟ್ಟೆ ಕಾಣುತ್ತವೆ.

ಗಿರಣಿಯ ಅಣ್ಣತಮ್ಮಂದಿರಲ್ಲಿ ಇನ್ನೊಂದು ವಿನಂತಿ. ಮಧ್ಯಾಹ್ನದ ಆ ಎರಡು ತಾಸು ಆಕಾಶದಿಂದ ಬೀಳುವುದಿಲ್ಲ. ಮೊದಲ ಪಾಳಿ ಮುಗಿಸಿ ಬಂದವರು ನಳದ ನೀರು ಹಿಡಿದರೆ, ರವಿವಾರ ಮಕ್ಕಳನ್ನು ನೋಡಿಕೊಂಡರೆ ಆ ಹೊತ್ತು ನಮಗೆ ದೊರೆಯುತ್ತದೆ. ಎಂಟು ತಾಸಿನ ದುಡಿತ ಸಾಕು, ಉಳಿದ ಹೊತ್ತು ನಮ್ಮದು ಎಂದು ಕೂಗಿದವರು ನೀವು. ಆ ಕೂಗು ಮನೆಯ ಹೊಸ್ತಿಲು ದಾಟಿ ಒಳಗೂ ಬರಲಿ. ಸೂಜಿಯನ್ನೂ ಹಿಡಿದು ನೋಡಿರಿ. ಕಡಿದ ಎಳೆಯನ್ನು ಕಣ್ಣು ಮಿಟುಕಿಸುವುದರೊಳಗೆ ಹಚ್ಚುವ ಬೆರಳು ನಿಮ್ಮದು. ನಿವೃತ್ತಿಯಾದ ಒಬ್ಬ ಕಾಕಾ ನಮ್ಮ ಕಟ್ಟೆಗೆ ಬಂದು ಕುಳಿತು ಒಂದು ವರ್ಷವಾಯಿತು. ಮೊದಲು ಓಣಿಯವರು ನಕ್ಕರು. ಈಗ ಅವರು ಹಾಕುವ ಮುರ್ಗಿಯ ಮೆಟ್ಟಿಲು ನಮ್ಮೆಲ್ಲರ ಕೆಲಸಕ್ಕಿಂತ ನೇರವಾಗಿದೆ.

ನಮ್ಮ ಮಾತು ಮುಗಿಯಿತು. ಪಾತ್ರೆಯವಳಿಗೆ ಹೋಗಬೇಕಾಗಿದ್ದ ಆ ಚಂದ್ರಕಾಳಿಯ ಸೆರಗನ್ನು ಒಂದು ನೂಲಿನ ಬಟ್ಟೆಯ ಅಂಚಿಗೆ ಜೋಪಾನವಾಗಿ ಟಾಚಿ ಇಲ್ಲಿಗೆ ತಂದಿದ್ದೇವೆ. ಮೇಜಿನ ಮೇಲಿದೆ. ಅದನ್ನು ಹಾಕಿದ ತಾಯಿಯ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಎಷ್ಟು ತಾಸು ಕುಳಿತಳೆಂದು ಯಾರೂ ಬರೆದಿಡಲಿಲ್ಲ. ಆದರೆ ಆಕೆ ಎಣಿಸಿದ ಎಳೆ ಒಂದೂ ತಪ್ಪಿಲ್ಲ. ಕೈ ತೊಳೆದುಕೊಂಡು ಬನ್ನಿರಿ, ಎರಡೂ ಮಗ್ಗಲು ಹೊರಳಿಸಿ ನೋಡಿರಿ. ನಾಳೆ ಮಧ್ಯಾಹ್ನ ಎರಡಕ್ಕೆ ಕಟ್ಟೆಯ ಮೇಲೆ ನಾವು ಇರುತ್ತೇವೆ. ಒಂದು ಗೇಣು ಬಟ್ಟೆ ತಂದರೆ ಸಾಕು. ಸೂಜಿ, ದಾರ ನಮ್ಮಲ್ಲಿವೆ.